ಯಾರು ಕೊಂದರು ಎಂದು ಹೇಳದ ಕನ್ನಡ

ನಮ್ಮ ಸುದ್ದಿಮನೆಗಳಿಗೆ ‘ಬಲಿ’ ಎಂಬ ಪದದ ಮೇಲೆ ಎಲ್ಲಿಲ್ಲದ ಮೋಹ. ಡೆಂಗಿಗೆ ಮೂವರು ಬಲಿ, ಸಿಡಿಲಿಗೆ ರೈತ ಬಲಿ, ರಸ್ತೆಗುಂಡಿಗೆ ಬೈಕ್ ಸವಾರ ಬಲಿ. ಅದೇ ಧಾಟಿಯಲ್ಲಿ, ಒಳಪುಟದ ಮೂಲೆಯಲ್ಲಿ, ಗಾಜಾದಲ್ಲಿ ವೈಮಾನಿಕ ದಾಳಿಗೆ ಮಕ್ಕಳು ಬಲಿ. ಸೊಳ್ಳೆಗೆ ಉದ್ದೇಶವಿಲ್ಲ, ಸಿಡಿಲಿಗೆ ವಿಳಾಸವಿಲ್ಲ. ಬಾಂಬಿಗೆ ಎರಡೂ ಇವೆ. ಅದನ್ನು ತಯಾರಿಸಿದ ಕಂಪನಿ, ಮಾರಿದ ದೇಶ, ಹಾಕಿದ ಸೇನೆ, ಒಪ್ಪಿಗೆ ಕೊಟ್ಟ ಸಂಪುಟ, ಎಲ್ಲಕ್ಕೂ ಹೆಸರಿದೆ. ‘ಬಲಿ’ ಎಂದೊಡನೆ ಅವೆಲ್ಲ ಮಾಯವಾಗಿ ಸತ್ತ ಮಗು ಮತ್ತು ಹಣೆಬರಹ ಮಾತ್ರ ಉಳಿಯುತ್ತವೆ. ದೇವರಿಗೆ ಕೊಟ್ಟದ್ದು ಎಂಬ ಹಳೆಯ ಅರ್ಥವೂ ಆ ಪದಕ್ಕೆ ಅಂಟಿಕೊಂಡಿದೆ ಎಂದು ನೆನೆದರೆ ಇನ್ನಷ್ಟು ಅಸಹ್ಯವಾಗುತ್ತದೆ.

ತಮಾಷೆಯೆಂದರೆ ಕನ್ನಡಕ್ಕೆ ಕರ್ಮಣಿ ಪ್ರಯೋಗ ಒಗ್ಗುವುದೇ ಇಲ್ಲ. ‘ಕೊಲ್ಲಲ್ಪಟ್ಟರು’ ಎಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಯಾರೋ ಕೊಂದರು ಎನ್ನುತ್ತೇವೆ. ಎದುರಿಗಿದ್ದವರು ಯಾರು ಎಂದು ಕೇಳಿಯೇ ಕೇಳುತ್ತಾರೆ. ಇಂಗ್ಲಿಷ್ ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕಿಳಿಸುವ ಉಪಸಂಪಾದಕರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಬಲಿ, ಸಾವು, ದುರ್ಮರಣ ಎಂಬ ಓಣಿಗಳಲ್ಲಿ ನುಸುಳುತ್ತಾರೆ. ಶೀರ್ಷಿಕೆಗೆ ಜಾಗ ಸಾಲದು ಎನ್ನುವ ಹಾಗಿಲ್ಲ. ‘ಬಲಿ’ ಎಷ್ಟು ಅಕ್ಷರವೋ ‘ಕೊಂದ’ವೂ ಅಷ್ಟೇ.

ನಾನಿರುವುದು ನೋಯ್ಡಾದಲ್ಲಿ. ಇಲ್ಲಿನ ಸೆಕ್ಟರ್ 16ಎ ಫಿಲ್ಮ್ ಸಿಟಿಯಿಂದಲೇ ದೇಶದ ಅನೇಕ ಹಿಂದಿ ವಾಹಿನಿಗಳು ಕೂಗುತ್ತವೆ. ಬೆಂಗಳೂರಿನ ಸ್ಟುಡಿಯೋಗಳು ಹೊರದೇಶದ ಸುದ್ದಿಗೆ ಇಲ್ಲಿಂದಲೇ ರಾಗ ಎರವಲು ಪಡೆಯುತ್ತವೆ ಎಂಬುದು ಎರಡನ್ನೂ ನೋಡುವ ನನ್ನ ಅನಿಸಿಕೆ. 2023ರ ಅಕ್ಟೋಬರ್‌ನಲ್ಲಿ ಈ ರಾಗ ಏರಿದ್ದು ‘ನಲವತ್ತು ಶಿಶುಗಳ ಶಿರಚ್ಛೇದ’ದ ಸುದ್ದಿಯಲ್ಲಿ. ಅದು ಕೊನೆಗೂ ದೃಢಪಡಲಿಲ್ಲ. ಅಂಥ ಚಿತ್ರಗಳನ್ನು ನೋಡಿದೆ ಎಂದಿದ್ದ ಅಮೆರಿಕದ ಅಧ್ಯಕ್ಷರ ಮಾತಿಗೆ ಶ್ವೇತಭವನವೇ ತಿದ್ದುಪಡಿ ಕೊಡಬೇಕಾಯಿತು. ಇಸ್ರೇಲ್‌ನ ಸಾಮಾಜಿಕ ಭದ್ರತಾ ಇಲಾಖೆಯ ಲೆಕ್ಕದಲ್ಲಿ ಅಕ್ಟೋಬರ್ 7ರಂದು ಕೊಲೆಯಾದ ಮಕ್ಕಳು 36. ಆ 36 ಸಾಲದಾಗಿತ್ತೇ?

ಒಂಬತ್ತು ತಿಂಗಳ ಕೂಸು ಕ್ಫಿರ್ ಬಿಬಾಸ್‌ನನ್ನು ಅವನ ಅಣ್ಣ, ನಾಲ್ಕು ವರ್ಷದ ಏರಿಯಲ್ ಜೊತೆ ಅಂದು ಹೊತ್ತೊಯ್ದರು. 2025ರ ಫೆಬ್ರುವರಿಯಲ್ಲಿ ಮರಳಿ ಬಂದದ್ದು ಶವಗಳು. ಅವನ ಹೆಸರು, ಕೆಂಚು ಕೂದಲು ಜಗತ್ತಿಗೆಲ್ಲ ಗೊತ್ತು. ಗೊತ್ತಿರಲೇಬೇಕು, ಇದರಲ್ಲಿ ನನ್ನ ತಕರಾರಿಲ್ಲ. ನನ್ನ ತಕರಾರು ಇನ್ನೊಂದು ಪಟ್ಟಿಯ ಬಗ್ಗೆ. 2024ರ ಸೆಪ್ಟೆಂಬರ್‌ನಲ್ಲಿ ಗಾಜಾದ ಆರೋಗ್ಯ ಸಚಿವಾಲಯ ಗುರುತು ಸಿಕ್ಕ 34,344 ಮಂದಿಯ ಹೆಸರುಗಳನ್ನು ಪ್ರಕಟಿಸಿತು. ಒಟ್ಟು 649 ಪುಟ, ಚಿಕ್ಕವರಿಂದ ದೊಡ್ಡವರ ಕ್ರಮದಲ್ಲಿ. ಮೊದಲ 14 ಪುಟ ದಾಟುವವರೆಗೂ ವಯಸ್ಸಿನ ಕಾಲಂನಲ್ಲಿ ಸೊನ್ನೆಯೇ. ಒಂದು ವರ್ಷ ತುಂಬದ ಕೂಸುಗಳು, 710. ಇವರಲ್ಲಿ ಒಬ್ಬರ ಹೆಸರಾದರೂ ನಮ್ಮ ನಾಲಿಗೆಯ ಮೇಲಿದೆಯೇ? ಪಟ್ಟಿಯ ಸುದ್ದಿ ಬಂದಲ್ಲಿಯೂ ‘ಹಮಾಸ್ ನಿಯಂತ್ರಿತ’ ಎಂಬ ಬಾಲಂಗೋಚಿ ತಪ್ಪಲಿಲ್ಲ. ಹೊರದೇಶದ ಪತ್ರಕರ್ತರು ತಾವಾಗಿ ಗಾಜಾದೊಳಗೆ ಹೋಗಿ ಎಣಿಸಲು ಇಸ್ರೇಲ್ ಬಿಡಲಿಲ್ಲ ಎಂಬ ಮಾತಿಗೆ ಮಾತ್ರ ಯಾವ ಬಾಲವೂ ಇರಲಿಲ್ಲ, ಏಕೆಂದರೆ ಆ ಮಾತೇ ಹೆಚ್ಚಾಗಿ ಇರಲಿಲ್ಲ.

ಹಿಂದ್ ರಜಬ್ ನೆನಪಿರಬಹುದು. 2024ರ ಜನವರಿ 29ರಂದು, ಸತ್ತ ಬಂಧುಗಳ ನಡುವೆ ಕಾರಿನಲ್ಲಿ ಕೂತು ರೆಡ್ ಕ್ರೆಸೆಂಟ್‌ನವರೊಡನೆ ಗಂಟೆಗಟ್ಟಲೆ ಫೋನಿನಲ್ಲಿ ಮಾತಾಡಿದ ಐದು ವರ್ಷದ ಹುಡುಗಿ. ಅವಳನ್ನು ಕರೆತರಲು ಹೋದ ಆಂಬುಲೆನ್ಸಿನ ಇಬ್ಬರೂ ಸತ್ತರು. ಹನ್ನೆರಡು ದಿನಗಳ ನಂತರ ಅವಳ ಶವ ಸಿಕ್ಕಿತು. ತಮ್ಮ ಪಡೆ ಅಲ್ಲಿರಲಿಲ್ಲ ಎಂದು ಇಸ್ರೇಲ್ ಸೇನೆ ಹೇಳಿತು. ‘ಫೊರೆನ್ಸಿಕ್ ಆರ್ಕಿಟೆಕ್ಚರ್’ ತನಿಖಾ ತಂಡ ಆ ಕಾರಿನ ಮೇಲೆ 335 ಗುಂಡಿನ ತೂತುಗಳನ್ನು ಎಣಿಸಿ, ಸೇನೆಯ ಮಾತು ನಿಲ್ಲುವುದಿಲ್ಲ ಎಂದಿತು. ಬಿಬಿಸಿಯಂಥ ಸಂಸ್ಥೆಯೂ ಅಂದು ಅವಳು ‘ಶವವಾಗಿ ಪತ್ತೆ’ ಎಂಬರ್ಥದ ಶೀರ್ಷಿಕೆ ಕೊಟ್ಟಿತು. ನಮ್ಮ ಅಪರಾಧ ಪುಟದ ಭಾಷೆಯಲ್ಲಿ ಮನೆ ಬಿಟ್ಟು ಹೋದವರು ಕೆರೆಯಲ್ಲಿ ಪತ್ತೆಯಾಗುತ್ತಾರಲ್ಲ, ಹಾಗೆ.

ಕೊಲ್ಲದೆಯೂ ಬಾಲ್ಯವನ್ನು ಕಸಿಯಬಹುದು. 1967ರಿಂದ ಆಕ್ರಮಿತವಾಗಿರುವ ಪಶ್ಚಿಮ ದಂಡೆಯಲ್ಲಿ ಹನ್ನೆರಡು ತುಂಬಿದ ಪ್ಯಾಲೆಸ್ತೀನಿ ಹುಡುಗನನ್ನು ಮಿಲಿಟರಿ ಕೋರ್ಟಿಗೆ ಎಳೆಯಬಹುದು. ಅದೇ ಗುಡ್ಡದ ಮೇಲಿನ ಯೆಹೂದಿ ವಸಾಹತಿನ ಹುಡುಗ ಕಲ್ಲೆಸೆದರೆ ಅವನಿಗೆ ನಾಗರಿಕ ಕಾನೂನು. ಒಂದೇ ನೆಲ, ಒಂದೇ ವಯಸ್ಸು, ಎರಡು ಕಾನೂನು. ಮಿಲಿಟರಿ ಬಂಧನದಲ್ಲಿ ಮಕ್ಕಳನ್ನು ಕೆಟ್ಟದಾಗಿ ನಡೆಸಿಕೊಳ್ಳುವುದು ವ್ಯಾಪಕ, ವ್ಯವಸ್ಥಿತ ಎಂದು ಯುನಿಸೆಫ್ 2013ರಲ್ಲೇ ವರದಿ ಕೊಟ್ಟಿತ್ತು. ಆದರೆ 2023ರ ನವೆಂಬರ್‌ನಲ್ಲಿ ವಿನಿಮಯ ನಡೆದಾಗ ಸುದ್ದಿಗಳಲ್ಲಿ ಆಚೆ ಕಡೆಯವರು ಮಕ್ಕಳು, ಈಚೆ ಕಡೆಯವರು ‘ಹದಿಹರೆಯದ ಕೈದಿಗಳು’. ವಿಚಾರಣೆಯೇ ಆಗದವರೂ ಅವರಲ್ಲಿದ್ದರು.

ಇದನ್ನು ನಮ್ಮ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬರೆದಾಗ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು, “ಯುದ್ಧ ಅಂದ ಮ್ಯಾಲ ಮಕ್ಕಳು ಸಾಯೂದ ನೋಡ್ರಿ. ನಮಗ್ಯಾಕ್ರಿ ಆ ಊರಿನ ಉಸಾಬರಿ?” ಎಂದರು. ಕೆಟ್ಟ ಮನುಷ್ಯರಲ್ಲ, ಉಗಾದಿಗೆ ಮನೆಗೆ ಕರೆದು ಹೋಳಿಗೆ ಬಡಿಸುವವರು. ಪಿಎಲ್‌ಒಗೆ 1974ರಲ್ಲೂ ಪ್ಯಾಲೆಸ್ತೀನ್ ರಾಷ್ಟ್ರಕ್ಕೆ 1988ರಲ್ಲೂ ಮನ್ನಣೆ ಕೊಟ್ಟ ದೇಶ ನಮ್ಮದು, ಅವರ ರಾಯಭಾರ ಕಚೇರಿ ಚಾಣಕ್ಯಪುರಿಯಲ್ಲೇ ಇದೆ ಎಂದೆ. ಅವರಿಗೆ ಅದು ನಾಟಲಿಲ್ಲ. ಹಾಗಾದರೆ ಬೀದರ್‌ಗೆ ಬರೋಣ.

2020ರ ಜನವರಿಯಲ್ಲಿ ಬೀದರ್‌ನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ದೇಶದ್ರೋಹದ ಕೇಸು ಬಿತ್ತು. ಮುಖ್ಯಶಿಕ್ಷಕಿಯನ್ನೂ ಒಬ್ಬ ಬಾಲಕಿಯ ತಾಯಿಯನ್ನೂ ಜೈಲಿಗೆ ಹಾಕಿದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಆಯುಧದೊಂದಿಗೆ ಮಕ್ಕಳನ್ನು ಹಾಗೆ ಕೇಳಿದ್ದು ಮೇಲ್ನೋಟಕ್ಕೆ ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು 2021ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. 2023ರಲ್ಲಿ ಕೇಸೇ ರದ್ದಾಯಿತು. ಬೀದರ್ ಗಾಜಾ ಅಲ್ಲ, ಹೋಲಿಸಿದರೆ ಎರಡಕ್ಕೂ ಅನ್ಯಾಯ. ನಾನು ಹೇಳುತ್ತಿರುವುದು ನೋಡುವವರ ಕಣ್ಣಿನ ಬಗ್ಗೆ. ನಾಟಕದಲ್ಲಿ ಯಾರ ವಿರುದ್ಧ ಏನಂದರು ಎಂದು ಜಗಳವಾಡಿದವರೆಲ್ಲ, ಪೊಲೀಸರ ಮುಂದೆ ಕೂತಿದ್ದವರು ಪ್ರಾಥಮಿಕ ಶಾಲೆಯ ಮಕ್ಕಳು ಎಂಬುದನ್ನು ಮರೆತೇ ಬಿಟ್ಟಿದ್ದರು. ಮಗುವನ್ನು ಮಗು ಎನ್ನುವ ಮೊದಲು ಅದು ಯಾರ ಮಗು ಎಂದು ವಿಚಾರಿಸುವ ಚಾಳಿ ನಮ್ಮ ಜಿಲ್ಲಾ ಪುಟಗಳಲ್ಲೇ ಇರುವಾಗ ಅಂತಾರಾಷ್ಟ್ರೀಯ ಪುಟದಲ್ಲಿ ಬೇರೇನು ಬಂದೀತು?

ಆ 649 ಪುಟಗಳಿಗೆ ಮರಳುತ್ತೇನೆ. ಜೆಎನ್‌ಯುನಲ್ಲೂ ಜಾಮಿಯಾದಲ್ಲೂ ಅರಬ್ಬಿ ಕಲಿಸುತ್ತಾರೆ. ಅಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲ 14 ಪುಟಗಳ ಹೆಸರುಗಳನ್ನು ಕನ್ನಡ ಲಿಪಿಗೆ ತರಲು ನನ್ನೊಡನೆ ಕೂರುತ್ತೀರಾ? ಉಚ್ಚಾರ ನಿಮ್ಮದು, ಟೈಪಿಂಗ್ ನನ್ನದು. ಸಂಪಾದಕರು ಒಪ್ಪಿದರೆ ಇಲ್ಲಿಯೇ ಹಾಕೋಣ. ಒಂದೇ ಕಂತಿನಲ್ಲಿ ಹಿಡಿಸುವುದಿಲ್ಲ.