‘ಮನುಷ್ಯನೇ ರಾಕ್ಷಸ’ ಎಂಬ ಸೋಮಾರಿ ಮಾತು

ಝೋಂಬಿ ಸಿನಿಮಾಗಳ ಬಗ್ಗೆ ಯಾರು ಬರೆದರೂ, ಸೆಮಿನಾರಿನಲ್ಲಿ ಯಾರು ಪ್ರಬಂಧ ಓದಿದರೂ ಕೊನೆಗೆ ಬಂದು ನಿಲ್ಲುವುದು ಒಂದೇ ವಾಕ್ಯಕ್ಕೆ: ‘ನಿಜವಾದ ರಾಕ್ಷಸ ಝೋಂಬಿಯಲ್ಲ, ಮನುಷ್ಯ.’ ಕೇಳಿದವರು ತಲೆದೂಗುತ್ತಾರೆ. ಹೇಳಿದವರಿಗೆ ಏನೋ ಆಳವಾದದ್ದನ್ನು ಹೇಳಿದ ಸಮಾಧಾನ. ನನ್ನ ತಕರಾರು ಈ ವಾಕ್ಯದ ಮೇಲೆಯೇ. ಧೈರ್ಯದ ಮಾತಿನಂತೆ ಕಾಣುವ ಇದು ಅಸಲಿಗೆ ನುಣುಚಿಕೊಳ್ಳುವ ಮಾತು. ಯಾವ ಮನುಷ್ಯ? ಬಂದೂಕು ಹಿಡಿದವನೋ, ಅದರ ಮುಂದೆ ನಿಂತವನೋ, ಹೊಡೆಯಿರಿ ಎಂದು ಆಜ್ಞೆ ಕೊಟ್ಟವನೋ? ಮೂವರಿಗೂ ಒಂದೇ ಹೆಸರು ಕೊಟ್ಟುಬಿಟ್ಟ ಮೇಲೆ ಕೇಳುವುದಕ್ಕೆ ಪ್ರಶ್ನೆಯೇ ಉಳಿಯುವುದಿಲ್ಲ.

ಈ ವಾಕ್ಯಕ್ಕೆ ಹೇಳಿ ಮಾಡಿಸಿದಂತೆ ಕಾಣುವ ಸಿನಿಮಾ ‘28 ವೀಕ್ಸ್ ಲೇಟರ್’ (2007). ಡ್ಯಾನಿ ಬಾಯ್ಲ್ ನಿರ್ದೇಶಿಸಿದ ‘28 ಡೇಸ್ ಲೇಟರ್’ (2002) ಚಿತ್ರದ ಮುಂದುವರಿಕೆ ಇದು. ನಿರ್ದೇಶಕ ಸ್ಪೇನಿನ ಹುವಾನ್ ಕಾರ್ಲೋಸ್ ಫ್ರೆಸ್ನಾಡಿಯೊ. ಇಲ್ಲಿರುವವರು ಸತ್ತು ಎದ್ದ ಹೆಣಗಳಲ್ಲ, ‘ರೇಜ್’ ಎಂಬ ವೈರಸ್ ತಗುಲಿ ಹುಚ್ಚೆದ್ದ ಜೀವಂತ ಜನ. ಆದರೂ ಕುಲ ಝೋಂಬಿ ಸಿನಿಮಾದ್ದೇ. ಸೋಂಕಿತರೆಲ್ಲ ಹಸಿವಿನಿಂದ ಸತ್ತ ಮೇಲೆ ಅಮೆರಿಕ ನೇತೃತ್ವದ ನ್ಯಾಟೊ ಸೇನೆ ಲಂಡನ್ನಿನ ಐಲ್ ಆಫ್ ಡಾಗ್ಸ್ ಪ್ರದೇಶಕ್ಕೆ ‘ಡಿಸ್ಟ್ರಿಕ್ಟ್ ಒನ್’ ಎಂದು ಹೆಸರಿಟ್ಟು, ಕಾವಲು ಹಾಕಿ, ಬ್ರಿಟನ್ನಿನ ಜನರನ್ನು ಮತ್ತೆ ತಂದು ನೆಲೆಗೊಳಿಸುತ್ತದೆ. ಮಾಳಿಗೆಗಳ ಮೇಲೆ ಸ್ನೈಪರ್‌ಗಳು ಕೂತಿರುತ್ತಾರೆ. ಅಮೆರಿಕದ ಸೇನೆ ಇರಾಕಿನಲ್ಲಿದ್ದ, ಬಾಗ್ದಾದಿನ ಗ್ರೀನ್ ಝೋನ್ ಸುದ್ದಿಯಲ್ಲಿದ್ದ ವರ್ಷಗಳಲ್ಲಿ ಬಂದ ಸಿನಿಮಾ ಇದು. ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ಡಾನ್ ಎಂಬಾತ ಸೋಂಕಿತರು ಮನೆಗೆ ನುಗ್ಗಿದಾಗ ಹೆಂಡತಿ ಆಲಿಸ್‌ಳನ್ನು ಬಿಟ್ಟು ಓಡಿದವನು. ಮುಂದೆ ಆಕೆ ಬದುಕಿಯೇ ಸಿಗುತ್ತಾಳೆ. ಮೈಯಲ್ಲಿ ವೈರಸ್ ಇದೆ, ಆದರೆ ಅದು ಅವಳನ್ನು ಹುಚ್ಚೆಬ್ಬಿಸಿಲ್ಲ. ಕ್ಷಮೆ ಕೇಳಲು ಹೋದ ಡಾನ್ ಅವಳಿಗೆ ಮುತ್ತಿಟ್ಟು ತಾನೇ ಸೋಂಕಿತನಾಗುತ್ತಾನೆ. ‘ನೋಡಿ, ಮನುಷ್ಯನ ಹೇಡಿತನವೇ ಎಲ್ಲಕ್ಕೂ ಮೂಲ’ ಎಂದುಬಿಡಬಹುದು. ಆದರೆ ಅವನು ಆ ಕೋಣೆಯೊಳಗೆ ಹೋದದ್ದು ಹೇಗೆ? ಕಟ್ಟಡ ನೋಡಿಕೊಳ್ಳುವ ಕೆಲಸದವನ ಕೈಗೆ ಎಲ್ಲ ಬಾಗಿಲೂ ತೆರೆಯುವ ಕಾರ್ಡ್ ಕೊಟ್ಟವರು ಯಾರು? ಅಂಥ ರೋಗಿಯ ಬಾಗಿಲಿಗೆ ಕಾವಲಿಡದವರು ಯಾರು? ಇದನ್ನು ಚಿತ್ರಕಥೆಯ ತೂತು ಎಂದು ನಗುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಮಾಳಿಗೆಯ ಮೇಲಿಂದ ಜನರ ಕಿಟಕಿಗಳೊಳಗೆ ಇಣುಕಲು ಕಣ್ಣಿರುವ ಸೇನೆಗೆ ಈ ಒಂದು ಬಾಗಿಲು ಕಾಣದೆ ಹೋಗುವುದು ಅಧಿಕಾರದ ಹಳೆಯ ಚಾಳಿ.

ಮುಂದೆ ಆಗುವುದು ‘ಕೋಡ್ ರೆಡ್’. ಅದರಲ್ಲಿ ಮೂರು ಹಂತ: ಸೋಂಕಿತರನ್ನು ಕೊಲ್ಲು, ಸೋಂಕು ಹರಡದಂತೆ ತಡೆ, ತಡೆಯಲಾಗದಿದ್ದರೆ ಎಲ್ಲರನ್ನೂ ಮುಗಿಸು. ನಿವಾಸಿಗಳನ್ನು ಒಂದು ಕಡೆ ಕೂಡಿ ಬೀಗ ಹಾಕುತ್ತಾರೆ, ಡಾನ್ ಅಲ್ಲಿಗೇ ನುಗ್ಗುತ್ತಾನೆ. ಜನ ಬಾಗಿಲು ಮುರಿದು ಬೀದಿಗೆ ಬಂದಾಗ ಯಾರು ಸೋಂಕಿತರು, ಯಾರು ಅಲ್ಲ ಎಂದು ತಿಳಿಯದಾಗುತ್ತದೆ. ಆಗ ಆಜ್ಞೆ ಬರುತ್ತದೆ: ಎಲ್ಲರನ್ನೂ ಹೊಡೆಯಿರಿ. ಆಮೇಲೆ ಬೆಂಕಿಬಾಂಬು, ಆಮೇಲೆ ವಿಷಾನಿಲ. ಇಲ್ಲಿ ಯಾರೂ ರಾಕ್ಷಸರಾಗಿ ಬದಲಾಗುವುದಿಲ್ಲ. ಯಾರ ಮುಖದಲ್ಲೂ ಕ್ರೌರ್ಯದ ಕುಣಿತವಿಲ್ಲ. ಮೊದಲೇ ಬರೆದಿಟ್ಟ ಹಂತಗಳು ಒಂದಾದ ಮೇಲೊಂದು ಜಾರಿಯಾಗುತ್ತವೆ, ಅಷ್ಟೆ. ಇದನ್ನು ‘ಮನುಷ್ಯ ಸ್ವಭಾವ’ ಎಂದು ಕರೆಯುವುದು ಆ ಆಜ್ಞೆಗೆ ಸಹಿ ಮಾಡಿದ ಕೈಯನ್ನು ಮರೆಮಾಚಿದಂತೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಕೊನೆಗೆ ಜನರಲ್‌ನ ಲೆಕ್ಕವೇ ಸರಿಯಾಯಿತಲ್ಲ? ಆಜ್ಞೆ ಮೀರಿದವರು ಉಳಿಸಿದ ಮಕ್ಕಳು ಸಮುದ್ರ ದಾಟುತ್ತಾರೆ, ಕಡೆಯ ದೃಶ್ಯದಲ್ಲಿ ಸೋಂಕಿತರು ಪ್ಯಾರಿಸ್ಸಿನಲ್ಲಿ ಓಡುತ್ತಿರುತ್ತಾರೆ. ಇದನ್ನು ತಳ್ಳಿಹಾಕಲಾಗದು. ಆದರೆ ‘ಎಲ್ಲರನ್ನೂ ಕೊಲ್ಲಬೇಕು, ಇಲ್ಲವೇ ಎಲ್ಲರೂ ಸಾಯಬೇಕು’ ಎಂಬ ಸ್ಥಿತಿ ಆಕಾಶದಿಂದ ಉದುರಿದ್ದಲ್ಲ. ಜನರನ್ನು ಕತ್ತಲೆಯಲ್ಲಿ ಒಟ್ಟಿಗೆ ಕೂಡಿಹಾಕಿ, ಸೋಂಕು ಕಾಡ್ಗಿಚ್ಚಿನಂತೆ ಹಬ್ಬಲು ಅನುವು ಮಾಡಿಕೊಟ್ಟದ್ದೂ ಅದೇ ಸೇನೆ. ಬೇರ್ಪಡಿಸಿ ನೋಡಲಾಗದಂತೆ ಮಾಡಿ, ಆಮೇಲೆ ಬೇರ್ಪಡಿಸಲಾಗದು ಎಂಬುದನ್ನೇ ಕೊಲ್ಲಲು ಕಾರಣ ಮಾಡಿಕೊಂಡರು. ಮರಳಿ ಕರೆತಂದ ಜನರಿಗೆ ಮೂರನೆಯ ಹಂತದ ಬಗ್ಗೆ ಹೇಳಬೇಕಾದ ಹೊಣೆ ಯಾರದು? ‘ಮನುಷ್ಯನೇ ರಾಕ್ಷಸ’ ಎಂದವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಈ ಪ್ರಕಾರದ ಬೇರಿಗೇ ಹೋಗಿ ನೋಡಿ. ಜಾರ್ಜ್ ರೊಮೆರೊನ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಚಿತ್ರದಲ್ಲಿ ರಾತ್ರಿಯಿಡೀ ಹೆಣಗಾಡಿ ಬದುಕುಳಿದ ಕಪ್ಪು ಮನುಷ್ಯ ಬೆನ್‌ನನ್ನು ಬೆಳಿಗ್ಗೆ ಬಿಳಿಯರ ಬಂದೂಕುಪಡೆ ಝೋಂಬಿ ಎಂದುಕೊಂಡು ಕೊಲ್ಲುತ್ತದೆ. ಇಲ್ಲೂ ‘ಮನುಷ್ಯನೇ ರಾಕ್ಷಸ’ ಎಂದರೆ ಸತ್ತ ಬೆನ್‌ನೂ ಕೊಂದವರೂ ಒಂದೇ ಪದದೊಳಗೆ ಸೇರಿಹೋಗುತ್ತಾರೆ. ಬಣ್ಣ ಮಾಯವಾಗುತ್ತದೆ. ಅಮೆರಿಕ ಮಾಯವಾಗುತ್ತದೆ.

ಸಿನಿಮಾಗಳೂ ಈ ಸೋಮಾರಿತನಕ್ಕೆ ಬೀಳುತ್ತವೆ. ‘ಟ್ರೇನ್ ಟು ಬುಸಾನ್’ (2016) ಮಾಡಿದ ಯೆಯಾನ್ ಸಾಂಗ್-ಹೊ ಅದರ ಮುಂದುವರಿಕೆಯಾಗಿ ಮಾಡಿದ ‘ಪೆನಿನ್ಸುಲಾ’ (2020) ನೋಡಿ. ಕೊರಿಯಾದಿಂದ ತಪ್ಪಿಸಿಕೊಂಡು ಹಾಂಗ್‌ಕಾಂಗ್‌ನಲ್ಲಿ ಯಾರಿಗೂ ಬೇಡದವರಾಗಿ ಬದುಕುವ ನಿರಾಶ್ರಿತರು ಮೊದಲಲ್ಲಿ ಬರುತ್ತಾರೆ. ಅವರನ್ನು ಹೀಗೆ ಮಾಡಿದ್ದು ಯಾರು ಎಂಬ ಪ್ರಶ್ನೆ ಏಳುವಷ್ಟರಲ್ಲಿ ಸಿನಿಮಾ ನಮ್ಮನ್ನು ‘631’ ಎಂಬ ಪಡೆಯ ಅಖಾಡಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಹಿಡಿದು ತಂದವರನ್ನು ಝೋಂಬಿಗಳ ನಡುವೆ ಬಿಟ್ಟು ಕೇಕೆ ಹಾಕುವ ದುಷ್ಟರಿದ್ದಾರೆ. ಅವರನ್ನು ದ್ವೇಷಿಸುವುದು ಸುಲಭ, ದ್ವೇಷಿಸಿ ಎದ್ದು ಹೋಗುವುದು ಇನ್ನೂ ಸುಲಭ.

ಸಾಹಿತ್ಯ ಓದುವ ನಮಗೆ ಕ್ರಿಯಾಪದಕ್ಕೆ ಕರ್ತೃ ಯಾರು ಎಂದು ಹುಡುಕುವುದು ಹೊಸ ಕೆಲಸವೇನಲ್ಲ. ಸಿನಿಮಾದ ಮುಂದೆ ಮಾತ್ರ ಅದನ್ನು ಯಾಕೆ ಬಿಡಬೇಕು? ‘28 ವೀಕ್ಸ್ ಲೇಟರ್’ನಲ್ಲಿ ಡಾಯ್ಲ್ ಎಂಬ ಸ್ನೈಪರ್ ಇದ್ದಾನೆ. ಆಜ್ಞೆ ಅವನ ಕಿವಿಗೂ ಬೀಳುತ್ತದೆ. ಗುರಿಯಲ್ಲಿ ಒಬ್ಬ ಹುಡುಗ ಕಾಣುತ್ತಾನೆ. ಡಾಯ್ಲ್ ಹೊಡೆಯುವುದಿಲ್ಲ, ತನ್ನ ಜಾಗ ಬಿಟ್ಟು ಕೆಳಗಿಳಿಯುತ್ತಾನೆ. ಕೊನೆಗೆ ಮಕ್ಕಳಿದ್ದ ಕಾರನ್ನು ತಳ್ಳುತ್ತಿರುವಾಗ ಅವನದೇ ಸೇನೆಯವರು ಅವನನ್ನು ಸುಡುತ್ತಾರೆ. ಅವನೂ ಮನುಷ್ಯನೇ, ಸುಟ್ಟವರೂ ಮನುಷ್ಯರೇ. ಇಬ್ಬರ ನಡುವಿನ ವ್ಯತ್ಯಾಸ ಹೇಳಲಾಗದ ವಾಕ್ಯ ವಿಮರ್ಶೆಯಲ್ಲಿ ಇರಬೇಕಾದ ಅಗತ್ಯವಿಲ್ಲ.