ನಿಷ್ಠೆಗೆ ಬಡ್ಡಿ ಕೇಳುವವರು

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ಮೊಟ್ಟಮೊದಲ ಬಾರಿಗೆ ಐಪಿಎಲ್ ಕಪ್ಪನ್ನು ಎತ್ತಿಹಿಡಿಯಿತಷ್ಟೆ. ಅಂದಿನಿಂದ ಒಂದೇ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ‘ಹದಿನೆಂಟು ವರ್ಷಗಳ ತಪಸ್ಸಿಗೆ ಕೊನೆಗೂ ಫಲ ಸಿಕ್ಕಿತು’ ಎಂಬುದೇ ಆ ಮಾತು. ಪತ್ರಿಕೆಗಳು ಹಾಗೆ ಬರೆದವು, ದೂರದರ್ಶನ ವಾಹಿನಿಗಳು ಹಾಗೆ ಕೂಗಿದವು. ಬೆಳಗಿನ ವಾಯುವಿಹಾರದಲ್ಲಿ ಜೊತೆಗೂಡುವ, ಬ್ಯಾಂಕಿನಿಂದ ನಿವೃತ್ತರಾದ ನೆರೆಮನೆಯವರಂತೂ ಒಂದು ಹೆಜ್ಜೆ ಮುಂದೆ ಹೋಗಿ, ‘ಏನ್ ಮೇಷ್ಟ್ರೇ, ಅಸಲು ಬಡ್ಡಿ ಎಲ್ಲಾ ವಸೂಲಾಯ್ತಲ್ಲ!’ ಎಂದು ನನ್ನ ಕೈ ಕುಲುಕಿದರು. ಪಾಪ, ಅವರು ಸಂತೋಷಕ್ಕೆ ಹೇಳಿದ್ದು. ಆದರೆ ಆ ಮಾತಿನ ಹಿಂದಿರುವ ವಿಚಾರವನ್ನು ಮಾತ್ರ ನಾನು ಒಪ್ಪಲಾರೆ. ಅದು ಲೇವಾದೇವಿಯ ವಿಚಾರ.

ಮೊದಲಿಗೆ ಒಂದು ಸಣ್ಣ ತಕರಾರು. ಈ ಹೆಸರಿನ ತಂಡಕ್ಕೆ ಮೊದಲ ಕಪ್ಪನ್ನು ತಂದುಕೊಟ್ಟವರು ಹೆಣ್ಣುಮಕ್ಕಳು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಸ್ಮೃತಿ ಮಂಧಾನ ಅವರ ನಾಯಕತ್ವದಲ್ಲಿ ಮಹಿಳೆಯರ ತಂಡ ದೆಹಲಿಯವರನ್ನೇ ಎಂಟು ವಿಕೆಟ್ಟುಗಳಿಂದ ಸೋಲಿಸಿತು. ನಮ್ಮ ಶ್ರೇಯಾಂಕಾ ಪಾಟೀಲ್ ಅಂದು ನಾಲ್ಕು ವಿಕೆಟ್ ಪಡೆದರು. ಹದಿನೆಂಟು ವರ್ಷಗಳ ಲೆಕ್ಕ ಹೇಳುವವರಿಗೆ ಇದು ಲೆಕ್ಕಕ್ಕೇ ಬಾರದಿರುವುದು ಏಕೆಂದು ಅವರೇ ಯೋಚಿಸಲಿ.

ಇನ್ನು ವಿಷಯಕ್ಕೆ ಬರುತ್ತೇನೆ. ಸೋಲುವ ತಂಡದ ಅಭಿಮಾನಿಗಳ ಬಗ್ಗೆ ಲೋಕದಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ‘ಇವರು ಮೂರ್ಖರು, ಗೆಲ್ಲುವ ತಂಡಗಳಿರುವಾಗ ಸೋಲುವುದನ್ನೇ ಕಟ್ಟಿಕೊಂಡು ಕೊರಗುತ್ತಾರೆ’ ಎಂಬುದು ಒಂದು. ‘ಇವರು ತಾಳ್ಮೆಯುಳ್ಳವರು, ಕಾದರೆ ಫಲ ಸಿಕ್ಕೇ ಸಿಗುತ್ತದೆ’ ಎಂಬುದು ಇನ್ನೊಂದು. 2025ರ ಜೂನ್ 3ರವರೆಗೆ ಮೊದಲನೆಯದನ್ನು ಹೇಳುತ್ತಿದ್ದವರೇ ಮರುದಿನದಿಂದ ಎರಡನೆಯದನ್ನು ಹೇಳತೊಡಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ಆಶ್ಚರ್ಯವೇನಿಲ್ಲ. ಎರಡೂ ಒಂದೇ ಖಾತೆಪುಸ್ತಕದ ಎರಡು ಪುಟಗಳು. ಅಭಿಮಾನವೆಂದರೆ ಹಣ ಹೂಡಿದಂತೆ, ಗೆಲುವೆಂದರೆ ಅದರ ಆದಾಯ ಎಂದು ಇಬ್ಬರೂ ನಂಬಿದ್ದಾರೆ. ಆದಾಯ ಬಾರದಿದ್ದಾಗ ಒಬ್ಬ ನಗುತ್ತಾನೆ, ಬಂದಾಗ ಇನ್ನೊಬ್ಬ ಅಭಿನಂದಿಸುತ್ತಾನೆ.

ಈ ತಂಡದ ಸೋಲುಗಳ ಇತಿಹಾಸವನ್ನು ಬಲ್ಲವರು ಹೀಗೆ ಮಾತಾಡಲಾರರು. ಅದು ಆರಂಭವಾದದ್ದೇ ಸೋಲಿನಿಂದ. ಅದೂ ಎಂಥ ಸೋಲು! 2008ರ ಏಪ್ರಿಲ್ 18ರಂದು ಐಪಿಎಲ್‌ನ ಪ್ರಪ್ರಥಮ ಪಂದ್ಯ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆಯಿತು. ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ ಔಟಾಗದೆ 158 ರನ್ ಬಾರಿಸಿದರು. ರಾಹುಲ್ ದ್ರಾವಿಡ್ ನಾಯಕತ್ವದ ನಮ್ಮ ತಂಡ ಇಡಿಯಾಗಿ ಗಳಿಸಿದ್ದು 82. ಎರಡಂಕಿ ಮುಟ್ಟಿದ ಏಕೈಕ ಆಟಗಾರ ಬೌಲರ್ ಪ್ರವೀಣ್ ಕುಮಾರ್. ಅವರ 18ಕ್ಕಿಂತ ಇತರೆ ರನ್ನುಗಳೇ ಒಂದು ಹೆಚ್ಚಾಗಿದ್ದವು. ಮರುವರ್ಷ ಜೋಹಾನ್ಸ್‌ಬರ್ಗಿನ ಅಂತಿಮ ಪಂದ್ಯದಲ್ಲಿ ಅನಿಲ್ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ಕಿತ್ತರು, ಪಂದ್ಯಪುರುಷ ಪ್ರಶಸ್ತಿಯನ್ನೂ ಪಡೆದರು. ಆದರೆ ತಂಡ ಡೆಕ್ಕನ್ ಚಾರ್ಜರ್ಸ್‌ಗೆ 6 ರನ್ನುಗಳಿಂದ ಸೋತಿತು. 2011ರಲ್ಲಿ ಚೆನ್ನೈಯಲ್ಲಿ ಮತ್ತೆ ಅಂತಿಮ ಪಂದ್ಯ, ಮತ್ತೆ ಸೋಲು. 2016ರದ್ದು ಇವೆಲ್ಲಕ್ಕಿಂತ ಕಠಿಣ. ಆ ವರ್ಷ ವಿರಾಟ್ ಕೊಹ್ಲಿ 973 ರನ್ ಗಳಿಸಿದ್ದರು. ಅಂತಿಮ ಪಂದ್ಯ ಸ್ವಂತ ಅಂಗಳದಲ್ಲಿ. 209ರ ಗುರಿ ಬೆನ್ನಟ್ಟಿ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ ನೂರು ದಾಟಿಸಿದರು. ಇನ್ನೇನು ಗೆದ್ದೆವು ಎಂದು ಊರಿಗೆ ಊರೇ ನಂಬಿದ್ದಾಗ, ಹೈದರಾಬಾದಿನ ಎದುರು 8 ರನ್ನುಗಳಿಂದ ಸೋಲು.

ಒಂದೇ ತಾರೀಖಿನ ವಿಚಿತ್ರವೂ ಈ ತಂಡದ ಪಾಲಿಗಿದೆ. 2013ರ ಏಪ್ರಿಲ್ 23ರಂದು ಪುಣೆಯ ವಿರುದ್ಧ 263 ರನ್, ಅದರಲ್ಲಿ ಗೇಲ್ ಒಬ್ಬರದೇ ಅಜೇಯ 175. ಸರಿಯಾಗಿ ನಾಲ್ಕು ವರ್ಷಗಳ ನಂತರ, 2017ರ ಏಪ್ರಿಲ್ 23ರಂದು, ಕೋಲ್ಕತ್ತದಲ್ಲಿ ಕೇವಲ 49 ರನ್ನಿಗೆ ಸರ್ವಪತನ. ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಇದ್ದ ತಂಡದಲ್ಲಿ ಒಬ್ಬನೂ ಹತ್ತು ರನ್ ಮಾಡಲಿಲ್ಲ! ಆ ವರ್ಷ ಪಟ್ಟಿಯಲ್ಲಿ ಕೊನೆಯ ಸ್ಥಾನ. ಆದರೂ ಮುಂದಿನ ಬೇಸಿಗೆಗೆ ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ಮತ್ತೆ ಮೊಳಗಿತು.

ಈ ಘೋಷಣೆಯನ್ನು ಗೇಲಿ ಮಾಡಿದವರು ಅದನ್ನು ಭವಿಷ್ಯವಾಣಿ ಎಂದು ತಿಳಿದರು. ಕಪ್ ಬರಲಿಲ್ಲವಾದ್ದರಿಂದ ಅದು ಸುಳ್ಳಾಯಿತೆಂದು ಪ್ರತಿವರ್ಷವೂ ನಕ್ಕರು. ಕನ್ನಡ ಬಲ್ಲವನಿಗೆ ಅದರ ಧ್ವನಿ ತಿಳಿಯದೇ? ಹತ್ತನೆಯ ಬಾರಿ ಸೋತವನು ಹನ್ನೊಂದನೆಯ ಬಾರಿ ‘ಈ ಸಲ ನಮ್ದೇ’ ಎನ್ನುವಾಗ ಆ ಮಾತಿನಲ್ಲಿ ಅರ್ಧ ಆಸೆ, ಅರ್ಧ ಸ್ವಪರಿಹಾಸ. ತನ್ನನ್ನೇ ನೋಡಿ ನಗಬಲ್ಲವನನ್ನು ಗೇಲಿ ಮಾಡಲು ಹೊರಟವರೇ ಹಾಸ್ಯಾಸ್ಪದರಾದರು ಎಂಬುದು ನನ್ನ ಅಭಿಪ್ರಾಯ.

ಫಲವಾದಿಗಳಿಗೆ ನನ್ನ ಮುಖ್ಯ ಪ್ರಶ್ನೆಯನ್ನು ಕೇಳಲು ನಾನು ಐಪಿಎಲ್‌ಗಿಂತ ಬಹಳ ಹಿಂದೆ ಹೋಗಬೇಕಾಗಿದೆ. ಇಂದು ರಣಜಿ ಟ್ರೋಫಿಯಲ್ಲಿ ಕರ್ನಾಟಕವೆಂದರೆ ಬಲಿಷ್ಠ ತಂಡವೆಂದೇ ಎಲ್ಲರೂ ತಿಳಿದಿದ್ದಾರೆ. ಆದರೆ ಆ ಪಂದ್ಯಾವಳಿಯ ಪ್ರಪ್ರಥಮ ಪಂದ್ಯದಲ್ಲಿ ಸೋತವರು ಯಾರು ಗೊತ್ತೇ? ನಾವೇ! 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಅಂಗಳದಲ್ಲಿ ಮೈಸೂರು ತಂಡ ಒಂದು ಇನಿಂಗ್ಸಿನಲ್ಲಿ 48, ಇನ್ನೊಂದರಲ್ಲಿ 59 ರನ್ ಮಾಡಿ, ಒಂದೇ ದಿನದಲ್ಲಿ ಇನಿಂಗ್ಸ್ ಸೋಲುಂಡು ಮನೆಗೆ ಬಂದಿತು. ಮುಂದೆ 1941-42ರಲ್ಲಿ ಅಂತಿಮ ಪಂದ್ಯ ತಲುಪಿ ಬೊಂಬಾಯಿಗೆ ಸೋತಿತು. 1959-60ರಲ್ಲಿ ಇನ್ನೊಮ್ಮೆ ತಲುಪಿ ಇನ್ನೊಮ್ಮೆ ಬೊಂಬಾಯಿಗೇ ಸೋತಿತು. ಆ ಬೊಂಬಾಯಿಯೋ, 1958-59ರಿಂದ ಸತತ ಹದಿನೈದು ವರ್ಷ ಟ್ರೋಫಿಯನ್ನು ಇನ್ನೊಬ್ಬರಿಗೆ ಮುಟ್ಟಗೊಡಲಿಲ್ಲ.

1974ರ ಮಾರ್ಚ್‌ನಲ್ಲಿ ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಆ ಸರಪಳಿ ಕಡಿಯಿತು. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಬಾರಿಸಿದರು. ನಾಯಕ ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. ಮೊದಲ ಇನಿಂಗ್ಸಿನ ಮುನ್ನಡೆಯ ಮೇಲೆ ಬೊಂಬಾಯಿಯನ್ನು ದಾಟಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ನಾವು ಮೊದಲ ಬಾರಿ ಟ್ರೋಫಿ ಗೆದ್ದೆವು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ತರುಣ. ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಸಿಹಿ ಹಂಚಿದೆವು.

ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಗೆದ್ದ ತಂಡದ ಹೆಸರು ಕರ್ನಾಟಕ. ರಾಜ್ಯಕ್ಕೆ 1973ರ ನವೆಂಬರ್ 1ರಂದು ಹೊಸ ಹೆಸರು ಬಂದಿತ್ತು. ಎಂದರೆ ಮೈಸೂರು ಎಂಬ ಹೆಸರಿನ ತಂಡ ಸುಮಾರು ನಾಲ್ಕು ದಶಕ ಆಡಿಯೂ ಒಮ್ಮೆಯೂ ಟ್ರೋಫಿ ಗೆಲ್ಲದೆ ಇತಿಹಾಸಕ್ಕೆ ಸೇರಿಹೋಯಿತು. ನಮ್ಮ ಶಾಲೆಯಲ್ಲಿ ಹಿರಿಯ ಗಣಿತದ ಮೇಷ್ಟರೊಬ್ಬರಿದ್ದರು. ಮೈಸೂರಿನ ಪ್ರತಿ ಪಂದ್ಯದ ಸ್ಕೋರನ್ನೂ ಪತ್ರಿಕೆಯಿಂದ ಕತ್ತರಿಸಿ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಅಂಟಿಸಿಟ್ಟಿದ್ದರು. 1974ಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡರು. ಆ ಪುಸ್ತಕದಲ್ಲಿ ಬೊಂಬಾಯಿಯ ವಿರುದ್ಧದ ಸೋಲುಗಳೇ ಹೆಚ್ಚು. ಒಂದೊಂದರ ಪಕ್ಕದಲ್ಲೂ ಅವರ ಮುತ್ತಿನಂಥ ಅಕ್ಷರದಲ್ಲಿ, ನಮ್ಮ ಹುಡುಗರಲ್ಲಿ ಯಾರು ಚೆನ್ನಾಗಿ ಆಡಿದರು ಎಂಬ ಟಿಪ್ಪಣಿ.

ಫಲವಾದಿಗಳೇ, ಈಗ ಹೇಳಿ. ಫಲ ಸಿಕ್ಕಿದ್ದರಿಂದ ನಿಷ್ಠೆ ಸಾರ್ಥಕವಾಯಿತು ಎಂದಾದರೆ, ಫಲ ಕಾಣದೆ ಹೋದ ಆ ಮೇಷ್ಟರ ನಿಷ್ಠೆ ವ್ಯರ್ಥವಾಯಿತೇ? ಒಂದು ವರ್ಷ ಹೆಚ್ಚು ಬದುಕಿದ ಕಾರಣಕ್ಕೆ ನಮ್ಮದು ಸಾರ್ಥಕ, ಅವರದು ವ್ಯರ್ಥ ಎನ್ನುವ ತರ್ಕವನ್ನು ಏಳನೆಯ ತರಗತಿಯ ಹುಡುಗನೂ ಒಪ್ಪಲಾರ. 1941-42ರ ಸೋಲಿನ ದಿನ ಅವರು ಪಟ್ಟ ದುಃಖ, ಮರುವರ್ಷ ಮತ್ತೆ ಕತ್ತರಿ ಹಿಡಿದು ಕೂತ ಉತ್ಸಾಹ, ಆ ದಿನಕ್ಕೇ ಪೂರ್ಣವಾಗಿದ್ದವು. ಯಾವ ಟ್ರೋಫಿಯೂ ನಂತರ ಬಂದು ಅವನ್ನು ಪೂರ್ಣಗೊಳಿಸಬೇಕಾಗಿರಲಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪಣೆಯಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಮೈಸೂರು ತಂಡ ಈ ನಾಡಿನದು, ಅದರ ಹುಡುಗರು ಇಲ್ಲಿಯವರು. ಆದರೆ 2008ರಲ್ಲಿ ಮದ್ಯದ ಉದ್ಯಮಿ ವಿಜಯ್ ಮಲ್ಯ ಹರಾಜಿನಲ್ಲಿ ಕೊಂಡು, ತಮ್ಮ ವಿಸ್ಕಿಯ ಹೆಸರನ್ನೇ ಹೋಲುವ ಹೆಸರಿಟ್ಟ ತಂಡಕ್ಕೆ ನಿಷ್ಠೆಯೆಂಥದು? ಅದು ಸೀಸೆಯ ಮೇಲಿನ ಚೀಟಿಗೆ ತೋರುವ ನಿಷ್ಠೆಯಲ್ಲವೇ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ದ್ರಾವಿಡ್ ಅವರನ್ನು 2011ಕ್ಕೆ ರಾಜಸ್ಥಾನಕ್ಕೆ ಹೋಗಗೊಟ್ಟ, ಕೆ.ಎಲ್. ರಾಹುಲ್ ಅವರನ್ನು 2018ರಲ್ಲಿ ಪಂಜಾಬಿನ ಪಾಲಾಗಲು ಬಿಟ್ಟ ತಂಡವಿದು. ಕನ್ನಡದ ಹುಡುಗರಿಗೆ ಇಲ್ಲಿ ಸಿಕ್ಕ ಸ್ಥಾನ ಏನೇನೂ ಸಾಲದೆಂದು ನಾನು ಹಿಂದೆಯೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ನಿಷ್ಠೆಯಿರುವವನಿಗೆ ಬೈಯುವ ಅಧಿಕಾರವೂ ಇರುತ್ತದೆ.

ಆದರೆ ಉಳಿದರ್ಧವನ್ನು ಒಪ್ಪಲಾರೆ. ಮಾಲೀಕ ಕೊಂಡದ್ದು ಒಂದು ಪರವಾನಗಿಯನ್ನು. ಅದಕ್ಕೆ ಊರಿನ ಹೆಸರನ್ನು ಅಂಟಿಸಿದ್ದು ವ್ಯಾಪಾರಕ್ಕಾಗಿ; ಊರಿನವರು ಅದನ್ನು ನಿಜವೆಂದೇ ತಿಳಿದು ತಮ್ಮದಾಗಿಸಿಕೊಂಡರು. ಮಾಲೀಕರು ಬದಲಾದರು, ನಾಯಕರು ಬದಲಾದರು, 2024ರಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಆಯಿತು. ಗ್ಯಾಲರಿಯಲ್ಲಿ ಕುಳಿತವರು ಮಾತ್ರ ಅವರೇ. ಅದೇ 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಾಗಲೂ ಅವರು ಕದಲಲಿಲ್ಲ. ದೆಹಲಿಯ ಕೊಹ್ಲಿ 2008ರಿಂದ ಇದೊಂದೇ ತಂಡದಲ್ಲಿ ಉಳಿದದ್ದನ್ನು ಜನ ಅಷ್ಟೊಂದು ಮೆಚ್ಚಿಕೊಳ್ಳುವುದಕ್ಕೂ ಕಾರಣ ಬೇರೆಯಲ್ಲ. ತಮ್ಮ ಜೊತೆಗೇ ಸೋತವನೆಂಬ ಸಲುಗೆ ಅದು.

ನಿಷ್ಠೆಯ ಹೆಸರಿನಲ್ಲಿ ನಡೆಯುವ ಎಲ್ಲವನ್ನೂ ನಾನು ಸಮರ್ಥಿಸುತ್ತಿಲ್ಲ. 2023ರಲ್ಲಿ ಗುಜರಾತಿನ ಶುಭಮನ್ ಗಿಲ್ ಶತಕ ಬಾರಿಸಿ ನಮ್ಮನ್ನು ಹೊರಹಾಕಿದಾಗ ಕೆಲವರು ಅಂತರಜಾಲದಲ್ಲಿ ಅವರ ಸೋದರಿಯನ್ನೂ ನಿಂದಿಸಿದರು. ಅಂಥವರೂ ಫಲವಾದಿಗಳೇ. ಬರಬೇಕಾದ ಬಾಕಿ ಬರಲಿಲ್ಲವೆಂದು ಬೀದಿಯಲ್ಲಿ ನಿಂತು ಬೈಯುವ ಸಾಲಗಾರರ ಜಾತಿ.

ಈ ಲೇವಾದೇವಿಯ ಭಾಷೆಯ ಮೇಲೆ ನನಗಿರುವ ಸಿಟ್ಟಿಗೆ ಇನ್ನೂ ದೊಡ್ಡ ಕಾರಣ 2025ರ ಜೂನ್ 4. ಗೆದ್ದ ಮರುದಿನವೇ ಬೆಂಗಳೂರಿನಲ್ಲಿ ವಿಜಯೋತ್ಸವವೆಂದು ಬೆಳಿಗ್ಗೆ ಸಾಮಾಜಿಕ ಜಾಲತಾಣದಲ್ಲಿ ಪ್ರಕಟಿಸಲಾಯಿತು. ಮೂವತ್ತು ನಲವತ್ತು ಸಾವಿರ ಜನ ಹಿಡಿಸುವ ಕ್ರೀಡಾಂಗಣದತ್ತ ಲಕ್ಷಾಂತರ ಜನ ಹರಿದುಬಂದರು. ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಅವರಲ್ಲಿ ಹದಿಹರೆಯದ ಮಕ್ಕಳೂ ಇದ್ದರು. ಒಳಗೆ ಸಮಾರಂಭ ನಡೆಯಿತು. ಯಾರ ಹೊಣೆ ಎಷ್ಟೆಂಬುದನ್ನು ನ್ಯಾಯಾಲಯಗಳು ಹೇಳಲಿ.

ಅಂದು ಸತ್ತವರಲ್ಲಿ, ತಂಡ ತನ್ನ ಮೊದಲ ಪಂದ್ಯ ಸೋತಾಗ ಹುಟ್ಟಿಯೇ ಇರದ ಮಗುವೂ ಇತ್ತು. ಅವರು ಏನನ್ನೂ ವಸೂಲು ಮಾಡಲು ಹೋಗಿರಲಿಲ್ಲ, ನೋಡಲು ಹೋಗಿದ್ದರು. ಲೆಕ್ಕವನ್ನೇ ಹಾಕಬೇಕೆಂದಿದ್ದರೆ ಅದನ್ನು ಈ ಕಡೆಯಿಂದ ಹಾಕಿ: ಹದಿನೆಂಟು ವರ್ಷ ಸೋತರೂ ಖಾಲಿಯಾಗದ ಗ್ಯಾಲರಿಯಿಂದ ಟಿಕೆಟ್ಟಿನ ಹಣ, ಜಾಹೀರಾತಿನ ಹಣ, ಕೆಂಪು ಅಂಗಿ ಮಾರಿದ ಹಣ ಯಾರಿಗೆ ಬಂತು? ತಪಸ್ಸು, ಫಲ ಎಂಬ ಮಾತುಗಳು ಅಭಿಮಾನಿಯನ್ನೇ ಸಾಲಗಾರನನ್ನಾಗಿಸಿ, ಕಪ್ ಕೊಟ್ಟ ಕೂಡಲೆ ಅವನ ಲೆಕ್ಕ ಚುಕ್ತಾ ಆಯಿತೆಂದು ಹೇಳುತ್ತವೆ. ನಿಜವಾಗಿ ಋಣದಲ್ಲಿರುವವರು ಆ ನಿಷ್ಠೆಯಿಂದ ಸಂಪಾದಿಸಿದವರು. ಸತ್ತವರ ಕುಟುಂಬಗಳಿಗೆ ಪರಿಹಾರಧನ ಘೋಷಿಸಿದ ಮಾತ್ರಕ್ಕೆ ಆ ಋಣ ತೀರಿತೆಂದು ನಾನು ಭಾವಿಸುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಕಪ್ಪಿನದಲ್ಲ. ತಂಡ ಗೆಲ್ಲಲಿ, ಸೋಲಲಿ, ನಾನು ನೋಡುತ್ತೇನೆ. ಮುಂದೆ ಯಾವಾಗಲಾದರೂ ಜನರನ್ನು ಕರೆಯುವುದಿದ್ದರೆ ಎಷ್ಟು ಬಾಗಿಲು ತೆರೆದಿರುತ್ತವೆ, ಎಷ್ಟು ಜನಕ್ಕೆ ಜಾಗವಿದೆ, ಆಂಬುಲೆನ್ಸ್ ಎಲ್ಲಿ ನಿಂತಿರುತ್ತದೆ, ಬಂದವರು ಹೊರಗೆ ಹೋಗುವುದು ಹೇಗೆ ಎಂಬುದನ್ನು ಹಿಂದಿನ ದಿನವೇ, ಕನ್ನಡದಲ್ಲಿ, ಅದೇ ಜಾಲತಾಣದಲ್ಲಿ ಪ್ರಕಟಿಸಲಿ. ಕಪ್ಪಿನ ಚಿತ್ರವನ್ನು ಆಮೇಲೆ ಹಾಕಿದರೂ ನಡೆಯುತ್ತದೆ.