ಗೋಡೆ ಯಾರದು?

ಜನವರಿ ಬಂದರೆ ಬೆಂಗಳೂರಿನ ಕುಮಾರಕೃಪಾ ರಸ್ತೆ ತುಂಬ ಚಿತ್ರಸಂತೆ. ಗ್ಯಾಲರಿಗಳಲ್ಲಿ ಒಂದರ ಹಿಂದೊಂದು ಪ್ರದರ್ಶನ. ನಾವೂ ಹೋಗ್ತೀವಿ. ಗೋಡೆ ಮೇಲೆ ನಮ್ಮವ್ವ ಇದ್ದಾಳೆ. ತಲೆ ಮೇಲೆ ಹುಲ್ಲಿನ ಹೊರೆ, ಮೈಮೇಲೆ ಹರಿದ ಸೀರೆ. ಕೆಳಗೆ ಚಿತ್ರ ಬರೆದವನ ಹೆಸರಿದೆ, ಬೆಲೆಯಿದೆ. ಅವ್ವನ ಹೆಸರಿಲ್ಲ.

ತೊಗಲು ಹದಮಾಡಿ, ಕೊರೆದು, ಬಣ್ಣ ಹಚ್ಚಿ ಗೊಂಬೆ ಮಾಡಿದ ಕಿಳ್ಳೇಕ್ಯಾತರ ಕೈಗೂ ಹೆಸರಿಲ್ಲ. ‘ಜಾನಪದ’ ಅಂತ ಒಂದು ಚೀಟಿ ಅಂಟಿಸಿದರೆ ಮುಗೀತು.

2016ರಲ್ಲಿ, ವೆಂಕಟಪ್ಪ ಚಿತ್ರಶಾಲೆಯನ್ನು ಸರ್ಕಾರ ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸಲು ಹೊರಟಾಗ, ಕಲಾವಿದರು ಬೀದಿಗಿಳಿದರು; ಇದು ಸಾರ್ವಜನಿಕರ ಸ್ವತ್ತು ಎಂದರು. ನ್ಯಾಯವಾದ ಮಾತು. ನಾವು ಕೇಳೋದು ಇಷ್ಟೇ: ಆ ಸಾರ್ವಜನಿಕರಲ್ಲಿ ನಮ್ಮ ಕೇರಿ ಇದೆಯೋ, ಇಲ್ಲವೋ?

ಕರುಣೆಯ ಚಿತ್ರ ಸಾಕು. ಕುಂಚ ನಮ್ಮ ಮಕ್ಕಳ ಕೈಗೆ ಬರಲಿ. ಪ್ರದರ್ಶನ ಕೇರಿಯ ಶಾಲೆಗೂ ಬರಲಿ. ಮೇಷ್ಟ್ರೇ, ಗೋಡೆಗೆ ಸುಣ್ಣ ಬಳಿದಿಡಿ.